ಅವರಾದ ಮೇಲೆ ಯಾರಪ್ಪಾ?

2024ರ ಡಿಸೆಂಬರ್‌ನ ಒಂದು ಭಾನುವಾರ ಬೆಳಿಗ್ಗೆ. ಕೆ.ಆರ್.ಪುರದ ನಮ್ಮ ಫ್ಲಾಟಿನ ಬಾಲ್ಕನಿಯಲ್ಲಿ ಕಾಫಿ ಲೋಟ ಹಿಡ್ಕೊಂಡು ಕೂತಿದ್ದೆ. ಮಗಳು ಫೋನ್ ನೋಡ್ತಾ ಬಂದಳು. ಸಂಬಂಧಿಕರಲ್ಲಿ ಯಾರೋ ಹೋಗಿಬಿಟ್ಟರು ಅನ್ನೋ ದನಿಯಲ್ಲಿ, "ಅಪ್ಪ, ನಿಕೋ ರಿಟೈರ್ ಆಗ್ಬಿಟ್ಟ" ಅಂದಳು.

ಅಡುಗೆಮನೆಯಿಂದ ನನ್ನಾಕೆ ಇಣುಕಿದಳು. "ಯಾರ್ರೀ ಅದು? ನಿಮ್ಮ ಆಫೀಸಿನವರಾ? ಗಿಫ್ಟ್‌ಗೆ ದುಡ್ಡು ಹಾಕ್ಬೇಕಾ?"

ನಿಕೋ ಮೆಕ್‌ಬ್ರೇನ್ ನಮ್ಮ ಆಫೀಸಿನವನಲ್ಲ. ಐರನ್ ಮೇಡನ್ ಅನ್ನೋ ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡಿನ ಡ್ರಮ್ಮರ್. 1982ರಿಂದ ಅದೇ ಸ್ಟೂಲಿನ ಮೇಲೆ ಕೂತವನು. 2023ರ ಜನವರಿಯಲ್ಲಿ ಸ್ಟ್ರೋಕ್ ಹೊಡೆದು ಬಲಭಾಗ ಬಿದ್ದುಹೋಗಿತ್ತು. ಎದ್ದು ಬಂದು ಮತ್ತೆ ಎರಡು ವರ್ಷ ಊರೂರು ಸುತ್ತಿ ಬಾರಿಸಿದ. ಕೊನೆಗೆ 72ನೇ ವಯಸ್ಸಿನಲ್ಲಿ, ಬ್ರೆಜಿಲ್‌ನ ಸಾವೊ ಪಾಲೊದಲ್ಲಿ, ಇನ್ನು ಟೂರ್ ಸಾಕು ಅಂತ ಕೋಲು ಕೆಳಗಿಟ್ಟ.

ನನ್ನ ಮಗಳಿಗೆ ಆಗ ಹದಿಮೂರು. ಡ್ರಮ್ಸ್ ಕಲೀತಾ ಎರಡು ವರ್ಷವಾಗಿತ್ತು. ಮನೆಯಲ್ಲಿ ಪೂರ್ತಿ ಡ್ರಮ್ ಸೆಟ್ ಇಟ್ಟರೆ ಕೆಳಗಿನ ಫ್ಲೋರಿನವರು ಪೊಲೀಸರನ್ನೇ ಕರೀತಾರೆ. ಅದಕ್ಕೆ ರಬ್ಬರ್ ಪ್ಯಾಡಿನ ಮೇಲೆ ಟಕ ಟಕ ಅಂತ ಬಾರಿಸಿ ಅಭ್ಯಾಸ. ಮೇಡನ್ ಅವಳಿಗೆ ನನ್ನಿಂದ ಅಂಟಿದ ಕಾಯಿಲೆ. ಪಕ್ಕದಲ್ಲಿ ಕೂತು, ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು. "ಎಲ್ಲರಿಗೂ ಅರವತ್ತು ದಾಟಿದೆ. ಅವರಾದ ಮೇಲೆ ಯಾರಪ್ಪಾ?"

ಈ ಪ್ರಶ್ನೆಯನ್ನ ನಾನು ಮೊದಲು ಕೇಳಿಸ್ಕೊಂಡಿದ್ದು 2006ರ ಏಪ್ರಿಲ್‌ನಲ್ಲಿ, ಡಾ. ರಾಜ್‌ಕುಮಾರ್ ತೀರಿಹೋದಾಗ. ಹಲಸೂರಿನ ನಮ್ಮ ಬೀದಿಯ ಎಲ್ಲಾ ಜಗಲಿಗಳ ಮೇಲೂ ಅದೇ ಮಾತು. ಐ.ಟಿ.ಐ. ಫ್ಯಾಕ್ಟರಿಯಲ್ಲಿ ಕೆಲಸ ಮಾಡ್ತಿದ್ದ ನಮ್ಮಪ್ಪ ಕಡ್ಡಿ ಮುರಿದ ಹಾಗೆ ಹೇಳಿದ್ದರು. "ಯಾರೂ ಇಲ್ಲ. ಆ ಕುರ್ಚಿ ಹಂಗೇ ಇರುತ್ತೆ. ಬರೋರು ಬೇರೆ ಕುರ್ಚಿ ತಂದು ಹಾಕ್ಕೋತಾರೆ." ಮಗಳಿಗೆ ಅದನ್ನೇ ಹೇಳಿ ಮುಗಿಸಬಹುದಿತ್ತು. ಹೇಳಲಿಲ್ಲ. "ಲಿಸ್ಟ್ ಮಾಡೋಣ ತಡಿ" ಅಂದೆ. ಅಲ್ಲಿಂದ ಶುರುವಾಯ್ತು ನೋಡಿ.

ಅರಮನೆ ಮೈದಾನದ ಆ ಶನಿವಾರ

ಮೊದಲು ನನ್ನ ಕಥೆ ಸ್ವಲ್ಪ ಹೇಳ್ಬೇಕು. ಹಲಸೂರು ಸೋಮೇಶ್ವರ ದೇವಸ್ಥಾನದ ಹಿಂದಿನ ವಠಾರದಲ್ಲಿ ಬೆಳೆದವನು ನಾನು. ದೇವಸ್ಥಾನದ ನಾದಸ್ವರ, ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾ, ಎದುರುಮನೆಯ ತಮಿಳು ರೇಡಿಯೋ ಎಲ್ಲಾ ಒಂದೇ ಕಿವಿಗೆ ಬೀಳ್ತಿತ್ತು. ಕಾಕ್ಸ್‌ಟೌನ್‌ನಲ್ಲಿ ಒಬ್ಬರು ಆಂಗ್ಲೋ ಇಂಡಿಯನ್ ಅಂಕಲ್ ಇದ್ದರು. ಅವರ ಗ್ಯಾರೇಜಿನಲ್ಲಿ ಕಾರು ಇರಲಿಲ್ಲ, ಒಂದು ಹಳೇ ಡ್ರಮ್ ಸೆಟ್ಟಿತ್ತು. ಇಂಜಿನಿಯರಿಂಗ್ ಓದುವಾಗ ನಾವು ನಾಲ್ಕು ಜನ ಅಲ್ಲಿ ಸೇರ್ತಿದ್ದೆವು. ನಾನು ಬೇಸ್ ಗಿಟಾರ್. ಶಿವಾಜಿನಗರದಲ್ಲಿ ಸೆಕೆಂಡ್ ಹ್ಯಾಂಡ್‌ಗೆ ಸಿಕ್ಕಿದ್ದು, ಕುತ್ತಿಗೆ ಸ್ವಲ್ಪ ಸೊಟ್ಟ.

ಬ್ಯಾಂಡಿನಲ್ಲಿ ಯಾರ ಕಿವಿಗೂ ಬೀಳದ ವಾದ್ಯ ಬೇಸ್. "ನಿನ್ನ ಗಿಟಾರಲ್ಲಿ ಎರಡು ತಂತಿ ಕಿತ್ತೋಗಿದೆಯಾ?" ಅಂತ ಅತ್ತೆಯ ಮಗ ಕೇಳಿದ್ದ. ನಾಲ್ಕೇ ತಂತಿ ಇರೋದು ಅಂತ ಅವನಿಗೆ ಹೇಳಿ ಹೇಳಿ ಸಾಕಾಗಿತ್ತು. ಆದರೆ ಐರನ್ ಮೇಡನ್ ಕಟ್ಟಿದವನೇ ಬೇಸ್ ನುಡಿಸುವವನು. ಸ್ಟೀವ್ ಹ್ಯಾರಿಸ್, 1975ರಲ್ಲಿ ಕಟ್ಟಿದ. ಕುದುರೆ ಓಡಿದ ಹಾಗೆ ಬೆರಳು ಓಡಿಸ್ತಾನೆ. ನನ್ನ ಪಾಲಿಗೆ ಅವನೇ ದೇವರು.

ಆ ದೇವರು 2007ರ ಮಾರ್ಚ್ 17ರಂದು ಅರಮನೆ ಮೈದಾನಕ್ಕೆ ಬಂದ. ಭಾರತದಲ್ಲಿ ಮೇಡನ್‌ನ ಮೊದಲ ಶೋ ಅದು. ಮನೆಯಲ್ಲಿ ಏನಂತ ಹೇಳೋದು? ಅದಕ್ಕೂ ಮುಂಚೆ ಒಂದ್ಸಲ ಅಪ್ಪನಿಗೆ "ಲೈವ್ ಬ್ಯಾಂಡ್‌ನಲ್ಲಿ ನುಡಿಸ್ತೀನಿ" ಅಂದುಬಿಟ್ಟಿದ್ದೆ. ಆಗಿನ ಬೆಂಗಳೂರು ಪೇಪರ್‌ಗಳಲ್ಲಿ "ಲೈವ್ ಬ್ಯಾಂಡ್" ಅಂದರೆ ಹುಡುಗೀರು ಕುಣಿಯೋ ಬಾರ್. "ಲೈವ್ ಬ್ಯಾಂಡ್ ಮೇಲೆ ಪೊಲೀಸ್ ದಾಳಿ" ಅನ್ನೋದು ವಾರಕ್ಕೊಂದು ಹೆಡ್‌ಲೈನ್. ಅಪ್ಪ ಎರಡು ದಿನ ಊಟ ಬಿಟ್ಟಿದ್ದರು. ಹಾಗಾಗಿ ಈ ಸಲ "ಪ್ರಾಜೆಕ್ಟ್ ವರ್ಕ್" ಅಂದೆ.

ಮೊದಲು ಸ್ಟೇಜ್ ಹತ್ತಿದ್ದು ದೆಹಲಿಯ ಪರಿಕ್ರಮಾ, 1991ರಿಂದ ಇರೋ ಬ್ಯಾಂಡು. ಅವರ ಪಿಟೀಲು ಕೇಳಿ ಪಕ್ಕದಲ್ಲಿದ್ದವನು ನನ್ನ ಹೆಗಲಿಗೆ ಹೊಡೆದು "ನಮ್ಮೋರು ಮಗಾ!" ಅಂದ. ಆ ವರ್ಷವೇ ಅವರು ಇಂಗ್ಲೆಂಡಿನ ಡೌನ್‌ಲೋಡ್ ಉತ್ಸವದಲ್ಲಿ ನುಡಿಸಿದರು. ಆಮೇಲೆ ಮೇಡನ್. ಕೆಂಪು ಧೂಳು ಎದ್ದು ಮೂಗು ಬಾಯಿ ತುಂಬ್ತು. ಹ್ಯಾರಿಸ್ ಬೇಸನ್ನ ಬಂದೂಕಿನ ಹಾಗೆ ನಮ್ಮ ಕಡೆ ತಿರುಗಿಸಿದ. ಅವತ್ತು ರಾತ್ರಿ ಹಲಸೂರಿನವರೆಗೆ ನಡ್ಕೊಂಡೇ ಬಂದೆವು. ಕೆರೆ ಹತ್ತಿರ ನಿಂತು ನಾವು ನಾಲ್ಕೂ ಜನ ಪ್ರಮಾಣ ಮಾಡಿದೆವು, ಇನ್ನು ಕವರ್ ಹಾಡು ನುಡಿಸೋದಿಲ್ಲ, ನಮ್ಮದೇ ಹಾಡು, ಕನ್ನಡದ್ದೂ ಬೇಕು ಅಂತ.

ಆ ಪ್ರಮಾಣಕ್ಕೆ ಐದು ತಿಂಗಳು ಆಯಸ್ಸು. ಆಗಸ್ಟ್ 15ರ ಸುತ್ತ ಹೊಸ ಬ್ಯಾಂಡ್‌ಗಳಿಗೆ ಪುಕ್ಕಟೆ ವೇದಿಕೆ ಕೊಡುತ್ತಿದ್ದ ಫ್ರೀಡಂ ಜಾಮ್‌ನಲ್ಲಿ ನಮಗೆ ಇಪ್ಪತ್ತು ನಿಮಿಷ ಸಿಕ್ಕಿತ್ತು. ಅದೇ ವಾರ ನನಗೆ ಕಂಪನಿ ಜಾಯ್ನಿಂಗ್ ಡೇಟ್ ಬಂತು. ಟ್ರೈನಿಂಗ್ ಮೈಸೂರಿನಲ್ಲಿ. ಎರಡು ದಿನ ರಜೆ ಕೇಳಬಹುದಿತ್ತು, ಕೇಳಲಿಲ್ಲ. ಬೇಸ್ ಇಲ್ಲದೆ ಅವರು ಮೂವರು ಹೋಗಿ ನುಡಿಸಿ ಬಂದರು. ಆಮೇಲೆ ಆ ಬ್ಯಾಂಡು ಯಾವತ್ತೂ ನುಡಿಸಲಿಲ್ಲ.

ಲಿಸ್ಟು

ಮಗಳೂ ನಾನೂ ಫ್ರಿಜ್ ಬಾಗಿಲಿಗೆ ಒಂದು ಹಾಳೆ ಅಂಟಿಸಿದೆವು. ಎರಡು ಕಾಲಂ, ಒಂದು ಅವಳದ್ದು, ಒಂದು ನಂದು. ಇಡೀ 2025 ಅದು ತುಂಬ್ತಾ ಹೋಯ್ತು.

ಅವಳ ಕಾಲಂನಲ್ಲಿ ಮೊದಲು ಸ್ಲೀಪ್ ಟೋಕನ್. ಲಂಡನ್ನಿನವರು, ಮುಖವಾಡ ಹಾಕ್ಕೊಂಡೇ ನುಡಿಸ್ತಾರೆ, ಹೆಸರನ್ನೂ ಹೇಳಲ್ಲ. ಆಮೇಲೆ ಸ್ವೀಡನ್ನಿನ ಘೋಸ್ಟ್, ಅವರಿಗೂ ಮುಖವಾಡ. ಈ ಎರಡೂ ಬ್ಯಾಂಡ್‌ಗಳ ಹೊಸ ಆಲ್ಬಂಗಳು 2025ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋದವು. "ರಾಕ್ ಸತ್ತೋಯ್ತು ಅಂತ ಹೇಳೋರಿಗೆ ಇದನ್ನ ತೋರ್ಸು" ಅಂದಳು. ಮೂರನೆಯದು ಫ್ರಾನ್ಸಿನ ಗೊಜಿರಾ. 2024ರ ಪ್ಯಾರಿಸ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಹಳೇ ಕೋಟೆಯ ಕಿಟಕಿಗಳಲ್ಲಿ ನಿಂತು ನುಡಿಸಿದರಲ್ಲ, ಅವರೇ.

ನನ್ನ ಕಾಲಂ ನಮ್ಮ ಊರಿಂದ ಶುರು. ಕ್ರಿಪ್ಟೋಸ್, 1998ರಿಂದ ಬೆಂಗಳೂರಿನಲ್ಲಿರೋರು. ಎರಡು ಗಿಟಾರ್ ಜೊತೆಜೊತೆಯಾಗಿ ಹಾಡೋದು ಕೇಳಿದರೆ ಮೇಡನ್ ಮನೆತನದವರು ಅಂತ ತಕ್ಷಣ ಗೊತ್ತಾಗುತ್ತೆ. ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸಿ ಬಂದವರು. ಆಮೇಲೆ ಬೇವರ್ ಸೀ. ಹೆಸರು ಬಿಡಿಸಿ ಓದಬೇಡಿ, ಜೋರಾಗಿ ಒಟ್ಟಿಗೆ ಓದಿ, ಕನ್ನಡದವರಿಗೆ ಮಾತ್ರ ನಗು ಬರುತ್ತೆ. ಕಾಶ್ಮೀರ ಮತ್ತು ಬೆಂಗಳೂರನ್ನ ಒಂದೇ ಹಾಡಲ್ಲಿ ಕೂರಿಸಿದ ಪರ್ವಾಜ್. ದೆಹಲಿಯ ಬ್ಲಡಿವುಡ್, ಮೆಟಲ್ ಗಿಟಾರ್ ಪಕ್ಕದಲ್ಲಿ ಪಂಜಾಬಿ ಢೋಲ್ ನಿಲ್ಲಿಸಿದವರು. 2019ರಲ್ಲಿ ವಾಕನ್, 2022ರಲ್ಲಿ ಜಪಾನಿನ ಫುಜಿ ರಾಕ್.

ಕನ್ನಡ? ಅಲ್ಲಿ ರಘು ದೀಕ್ಷಿತ್ ಹೆಸರಿಲ್ಲದೆ ಲಿಸ್ಟ್ ಮುಂದೆ ಹೋಗಲ್ಲ. 2008ರ ಅವರ ಮೊದಲ ಆಲ್ಬಂ ಬಂದಾಗ ನಮ್ಮ ಆಫೀಸ್ ಬಸ್ಸಿನಲ್ಲಿ ಕನ್ನಡ ಗೊತ್ತಿಲ್ಲದವರೂ ಶರೀಫಜ್ಜನ ಪದ ಗುನುಗ್ತಿದ್ದರು. ಅವರ ತಮ್ಮ ವಾಸು ದೀಕ್ಷಿತ್ ಹಾಡುವ ಸ್ವರಾತ್ಮ ಇನ್ನೊಂದು ದಾರಿ. ನೂರೈವತ್ತು ವರ್ಷದ ಹಿಂದೆ ಶಿಶುನಾಳದಲ್ಲಿ ಕೂತು ಬರೆದ ಸಾಲುಗಳಿಗೆ ಎಲೆಕ್ಟ್ರಿಕ್ ಗಿಟಾರ್ ಹೊಂದಿಕೊಳ್ಳುತ್ತೆ ಅನ್ನೋದು ನನಗೆ ಇವತ್ತಿಗೂ ಆಶ್ಚರ್ಯ. ಇನ್ನು ನಮ್ಮೂರಿನ ಹಿರಿಯಣ್ಣ ಥರ್ಮಲ್ ಅಂಡ್ ಎ ಕ್ವಾರ್ಟರ್, 1996ರವರು. ಬೆಂಗಳೂರಿನ ಆಟೋ, ಟ್ರಾಫಿಕ್ಕು ಎಲ್ಲಾ ಹಾಡಿಗೆ ತಂದವರು. ಆದರೆ ಅವರನ್ನ "ಹೊಸಬರು" ಕಾಲಂಗೆ ಹಾಕೋಕೆ ಮಗಳು ಬಿಡಲಿಲ್ಲ. "ನಾನು ಹುಟ್ಟೋಕೆ ಮುಂಚಿನವರೆಲ್ಲಾ ಹಳಬರು" ಅನ್ನೋದು ಅವಳ ರೂಲ್ಸು. ಆ ಲೆಕ್ಕದಲ್ಲಿ ನನ್ನ ಕಾಲಂನಲ್ಲಿ ಅರ್ಧಕ್ಕರ್ಧ ಜನ ಔಟ್. ಅವಳ ಘೋಸ್ಟೂ ಗೊಜಿರಾನೂ ಔಟ್ ಅಂತ ನಾನು ತೋರಿಸಿದ ಮೇಲೆ ರೂಲ್ಸ್ ಸಡಿಲ ಆಯ್ತು.

ಕೊನೆಗೆ ಅವಳು ಒಂದು ಹೆಸರು ಬರೆದಳು, ಹನುಮಾನ್‌ಕೈಂಡ್. "ಅವನು ರ‍್ಯಾಪರ್ ಅಲ್ವಾ?" ಅಂದೆ. "ಅಪ್ಪ, ಬೆಂಗಳೂರಲ್ಲಿ ಇದ್ಕೊಂಡು ಬಿಲ್‌ಬೋರ್ಡ್ ಹಾಟ್ 100ಗೆ ಹೋದೋನು ಯಾರು ಹೇಳು? ನಿನ್ನ ಬ್ಯಾಂಡ್‌ಗಳಾ?" 2024ರಲ್ಲಿ ಒಂದೇ ಹಾಡು, ಬಾವಿ ಗೋಡೆಯ ಮೇಲೆ ಬೈಕ್ ಓಡೋ ಆ ವಿಡಿಯೋ, ಅವನನ್ನ ಅಲ್ಲಿಗೆ ತಗೊಂಡು ಹೋಯ್ತು. ಉತ್ತರ ಹೇಳೋಕೆ ನನ್ನ ಹತ್ತಿರ ಏನೂ ಇರಲಿಲ್ಲ.

ಯೋಚಿಸಿದರೆ ಲೆಕ್ಕ ಸರಳ. ರ‍್ಯಾಪ್ ಮಾಡೋಕೆ ಒಂದು ಲ್ಯಾಪ್‌ಟಾಪ್, ಒಂದು ಮೈಕ್, ಒಬ್ಬ ಮನುಷ್ಯ ಸಾಕು. ಬ್ಯಾಂಡ್ ಅಂದರೆ ನಾಲ್ಕು ಜನರ ರಜೆ ಒಂದೇ ದಿನ ಕೂಡಬೇಕು, ನಾಲ್ಕು ಜನರ ಅಪ್ಪ ಅಮ್ಮ ಒಪ್ಪಬೇಕು, ಗಂಟೆ ಲೆಕ್ಕದಲ್ಲಿ ಪ್ರಾಕ್ಟೀಸ್ ರೂಮಿಗೆ ಬಾಡಿಗೆ ಕೊಡಬೇಕು, ಡ್ರಮ್ ಸಾಗಿಸೋಕೆ ಟೆಂಪೋ ಬೇಕು. ಒಬ್ಬ ಕೈ ಕೊಟ್ಟರೆ ಮುಗೀತು. ಕೈ ಕೊಟ್ಟವನು ಯಾರು ಅಂತ ನಿಮಗೆ ಗೊತ್ತೇ ಇದೆ.

ಯಯಾತಿಗಳು

ಜುಲೈ ತಿಂಗಳಲ್ಲಿ ಫ್ರಿಜ್ ಮೇಲಿನ ಲಿಸ್ಟು ಬೇರೆ ಅರ್ಥ ಪಡ್ಕೊಂಡಿತು. 2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ಬ್ಲ್ಯಾಕ್ ಸಬ್ಬತ್‌ನ ಕೊನೆಯ ಕಛೇರಿ. ನಿಲ್ಲೋಕಾಗದ ಓಝಿ ಆಸ್ಬರ್ನ್ ಸಿಂಹಾಸನದಂಥ ಕುರ್ಚಿಯಲ್ಲಿ ಕೂತು ಹಾಡಿದ. ಹದಿನೇಳು ದಿನಕ್ಕೆ, ಜುಲೈ 22ಕ್ಕೆ, ತೀರಿಕೊಂಡ. ಅದೇ ವೇದಿಕೆ ಮೇಲೆ ಇನ್ನೂ ಇಪ್ಪತ್ತೆಂಟು ತುಂಬದ ಯಂಗ್‌ಬ್ಲಡ್ ಅನ್ನೋ ಹುಡುಗ ಬಂದು ಸಬ್ಬತ್‌ನ ಹಳೇ ಹಾಡೊಂದನ್ನ ಹಾಡಿದ. ಮಗಳೂ ನಾನೂ ಆ ವಿಡಿಯೋ ಎಷ್ಟು ಸಲ ನೋಡಿದೆವೋ ಲೆಕ್ಕ ಇಲ್ಲ.

ಎಲ್ಲರೂ ಹೀಗೆ ಕುರ್ಚಿ ಬಿಟ್ಟು ಕೊಡಲ್ಲ. ಕಿಸ್ ಬ್ಯಾಂಡಿನವರು 2023ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಕೊನೇ ಶೋ ಮುಗಿಸಿ, ಇನ್ಮುಂದೆ ನಮ್ಮ ಡಿಜಿಟಲ್ ಬೊಂಬೆಗಳು ಆಡ್ತವೆ ಅಂದರು. 2003ರ ಏಪ್ರಿಲ್‌ನಲ್ಲಿ ಬೆಂಗಳೂರಿಗೆ ಬಂದಿದ್ದ ರೋಲಿಂಗ್ ಸ್ಟೋನ್ಸ್ ನೆನಪಿದೆಯಾ? ಆಗಲೇ ಮಿಕ್ ಜಾಗರ್‌ಗೆ ಅರವತ್ತು ಹತ್ತಿರ. "ಕೊನೇ ಸಲ ನೋಡ್ಕೊಳ್ಳಿ" ಅಂತ ಜನ ಟಿಕೆಟ್ ತಗೊಂಡಿದ್ದರು. ಇಪ್ಪತ್ತು ವರ್ಷ ಆದ್ಮೇಲೆ, 2023ರಲ್ಲಿ, ಅದೇ ಮನುಷ್ಯ ಹೊಸ ಆಲ್ಬಂ ಬಿಟ್ಟ. ಯಯಾತಿ ಕಥೆ ಓದಿದವರಿಗೆ ಇದೇನೂ ಹೊಸದಲ್ಲ. ಮುದಿತನ ಬೇಡ ಅಂತ ಮಗನ ಯೌವನವನ್ನೇ ಕೇಳಿದ ರಾಜ ಅವನು. ನನಗೆ ಅವರ ಮೇಲೆ ಕೋಪ ಇಲ್ಲ. ಎಂಬತ್ತರಲ್ಲಿ ಕುಣಿಯೋಕೆ ಆದರೆ ಕುಣೀಲಿ.

ಮೇಡನ್ ದಾರಿ ಇನ್ನೊಂದು ಥರ. ಐವತ್ತನೇ ವರ್ಷದ ಟೂರಿಗೆ ನಿಕೋ ಜಾಗಕ್ಕೆ ಬಂದ ಸೈಮನ್ ಡಾಸನ್, ಹ್ಯಾರಿಸ್‌ನ ಇನ್ನೊಂದು ಸಣ್ಣ ಬ್ಯಾಂಡಿನ ಡ್ರಮ್ಮರ್. ಗುಂಪಿನೊಳಗೇ ಬೆಳೆಸಿಕೊಂಡವನು. "ಅಂದರೆ ಸಣ್ಣ ಬ್ಯಾಂಡಲ್ಲಿ ಬಾರಿಸ್ತಾ ಇದ್ರೆ ಒಂದಿನ ದೊಡ್ಡ ಬ್ಯಾಂಡಿಂದ ಕರೀತಾರೆ" ಅಂತ ಮಗಳು ತನಗೆ ಬೇಕಾದ ನೀತಿ ತೆಗೆದಳು.

ಅವತ್ತು ರಾತ್ರಿ ಲಿಸ್ಟಿನ ಫೋಟೋ ತೆಗೆದು, ಹಳೇ ಬ್ಯಾಂಡಿನ ಗಿಟಾರಿಸ್ಟ್‌ಗೆ ವಾಟ್ಸ್ಯಾಪ್ ಮಾಡಿದೆ. ಅವನೊಬ್ಬನೇ ಸಂಗೀತದಲ್ಲಿ ಉಳಿದವನು. ವೀಕೆಂಡ್ ಮದುವೆ ರಿಸೆಪ್ಷನ್ನು, ಕಂಪನಿ ಪಾರ್ಟಿ. ಉಳಿದ ದಿನ ಲಿಂಗರಾಜಪುರದಲ್ಲಿ ಮಕ್ಕಳಿಗೆ ಪಾಠ. "ಮುಂದೆ ಯಾರು ಅಂತ ಮಗಳು ಕೇಳ್ತಾಳೆ, ನೀನೇನಂತೀಯ?" ಅಂತ ಬರೆದಿದ್ದೆ. ಬೆಳಿಗ್ಗೆ ವಾಯ್ಸ್ ಮೆಸೇಜ್ ಬಂತು. ಹಿಂದೆ ಕುಕ್ಕರ್ ವಿಷಲ್ ಕೇಳ್ತಿತ್ತು.

"ಲಿಸ್ಟ್ ಚೆನ್ನಾಗಿದೆ ಮಗಾ. ಆದ್ರೆ ಅವತ್ತು ಕೆರೆ ಹತ್ರ ನಿಂತ್ಕೊಂಡು ಏನ್ ಹೇಳಿದ್ವಿ? ಮುಂದೆ ನಾವೇ ಅಲ್ವಾ ಆಗ್ಬೇಕಿದ್ದಿದ್ದು?"

ಬೈದಿರಲಿಲ್ಲ, ನಗ್ತಾನೇ ಹೇಳಿದ್ದ. ಅದಕ್ಕೇ ಇನ್ನೂ ಜಾಸ್ತಿ ನಾಟಿತು. ನಾನು ಉತ್ತರ ಬರೆಯೋಕೆ ಮೂರು ದಿನ ತಗೊಂಡೆ. ಕೊನೆಗೆ ಕೈ ಮುಗಿಯೋ ಎಮೋಜಿ ಕಳಿಸಿದೆ.

ಬಾಗಿಲ ಹೊರಗೆ

ಸೆಪ್ಟೆಂಬರ್‌ನಲ್ಲಿ ಒಂದು ಶುಕ್ರವಾರ, ಮಗಳಿಗೆ ನಿಜವಾದ ಬ್ಯಾಂಡ್ ತೋರಿಸೋಣ ಅಂತ ಹೊರಟೆ. ಕೆ.ಆರ್.ಪುರ ಸ್ಟೇಷನ್ನಿಂದ ಪರ್ಪಲ್ ಲೈನ್. 2023ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ ಕಡೆಯ ಆ ತುಂಡು ಕೂಡಿಕೊಂಡಾಗಿಂದ ಇಂದಿರಾನಗರ ನಮಗೆ ನಾಲ್ಕೇ ಸ್ಟೇಷನ್ ದೂರ. ಅವಳು ಕಪ್ಪು ಟೀ ಶರ್ಟ್, ನಾನು ಹೊಟ್ಟೆ ಬಿಗಿಯುವ ಹಳೇ ಮೇಡನ್ ಟೀ ಶರ್ಟ್.

ಪಬ್ಬಿನ ಬಾಗಿಲಲ್ಲಿ ಸೆಕ್ಯೂರಿಟಿಯವರು ತಡೆದರು. "ಸಾರ್, ಪಾಪುಗೆ ಇಪ್ಪತ್ತೊಂದು ಆಗಿರ್ಬೇಕು."

"ಕುಡಿಯೋಕಲ್ಲಪ್ಪಾ, ಹಾಡು ಕೇಳೋಕೆ. ನಾನು ಜೊತೆಗಿರ್ತೀನಿ."

"ಗೊತ್ತು ಸಾರ್. ರೂಲ್ಸ್ ಸಾರ್. ನನ್ ಕೆಲ್ಸ ಹೋಗುತ್ತೆ."

ಅವರ ತಪ್ಪೇನಿಲ್ಲ. ನಾನೇ ಮೊದಲು ವಿಚಾರಿಸಬೇಕಿತ್ತು. "ಪಾಪು" ಅಂದಿದ್ದಕ್ಕೆ ಮಗಳ ಮುಖ ಕೆಂಪಾಗಿತ್ತು. ಎದುರು ಫುಟ್‌ಪಾತಿನಲ್ಲಿ ಎಳನೀರಿನ ಗಾಡಿ ಇತ್ತು. ಎರಡು ಎಳನೀರು ತಗೊಂಡು ಪಬ್ಬಿನ ಪಕ್ಕದ ಸಂದಿಯಲ್ಲಿ ಗೋಡೆಗೆ ಒರಗಿ ನಿಂತೆವು. ಒಳಗೆ ಶುರುವಾಯ್ತು.

ಗಿಟಾರ್ ಕೇಳಲಿಲ್ಲ. ಹಾಡೋನ ದನಿ ಕೇಳಲಿಲ್ಲ. ಗೋಡೆ ದಾಟಿ ಬಂದಿದ್ದು ಎರಡೇ, ಕಾಲಲ್ಲಿ ತುಳಿಯೋ ದೊಡ್ಡ ಡ್ರಮ್ಮು ಮತ್ತು ಬೇಸು. ಸಿಮೆಂಟಿನೊಳಗಿಂದ ಬೆನ್ನುಮೂಳೆಗೆ ಬರ್ತಿತ್ತು. ಮಗಳು ಗೋಡೆಗೆ ಕಿವಿ ಇಟ್ಟಳು. "ಅಪ್ಪ, ಇದು ನಿಂದು ಅಲ್ವಾ? ಬೇಸ್?"

"ಹೂಂ."

"ಸ್ಟೇಜ್ ಮುಂದೆ ನಿಂತ್ರೆ ಇದು ಗೊತ್ತೇ ಆಗಲ್ಲ."

ಒಂದು ಗಂಟೆ ಹಾಗೇ ನಿಂತಿದ್ದೆವು. ಯಾವ ಹಾಡು, ಯಾವ ಭಾಷೆ, ಒಂದೂ ತಿಳೀಲಿಲ್ಲ.

ವಾಪಸ್ ಬರುವಾಗ ಮೆಟ್ರೋದಲ್ಲಿ ನನಗೆ ಹೊಳೆದಿದ್ದು ಇಷ್ಟು. ಮುಂದೆ ಯಾರು ಅಂತ ಕೇಳ್ತಾ ನಾವು ಬ್ಯಾಂಡ್‌ಗಳ ಲಿಸ್ಟ್ ಮಾಡಿದ್ದೆವು. ಲಿಸ್ಟ್ ಮಾಡಬೇಕಿದ್ದದ್ದು ಜಾಗಗಳದ್ದು. ಅರಮನೆ ಮೈದಾನಕ್ಕೆ ನನ್ನಂಥ ವಿದ್ಯಾರ್ಥಿ ಹೋಗಿ ನಿಲ್ಲಬಹುದಿತ್ತು. ಕಾಲೇಜ್ ಫೆಸ್ಟ್, ಬಯಲು ರಂಗಮಂದಿರ, ಫ್ರೀಡಂ ಜಾಮ್ ಇತ್ತು. ಈಗ ಸ್ವಂತ ಹಾಡು ನುಡಿಸೋ ಬ್ಯಾಂಡ್‌ಗೆ ಹೆಚ್ಚಾಗಿ ಸಿಗೋದು ಪಬ್. ಅಲ್ಲಿಗೆ ಹದಿನಾಲ್ಕರ ಹುಡುಗಿ ಹೋಗೋಹಾಗಿಲ್ಲ. ಇಪ್ಪತ್ತೊಂದಾಗುವ ಹೊತ್ತಿಗೆ ಅವಳ ಕಿವಿ ಬೇರೆ ಏನಕ್ಕೋ ಒಗ್ಗಿರುತ್ತೆ.

ಆ ಪಬ್‌ಗಳ ಪಾಡೂ ಸುಲಭ ಇಲ್ಲ. ಅಪ್ಪ ಹೆದರಿದ್ದರಲ್ಲ, ಆ "ಲೈವ್ ಬ್ಯಾಂಡ್" ಬಾರ್‌ಗಳನ್ನ ಹಿಡಿತಕ್ಕೆ ತರೋಕೆ ಅಂತ ಪೊಲೀಸರು 2005ರಲ್ಲಿ ಒಂದು ಲೈಸೆನ್ಸ್ ಆದೇಶ ತಂದರು. ಕೇಸು ನಡೆದು ನಡೆದು 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿಹಿಡಿಯಿತು. ಆ ವರ್ಷವೇ ಲೈಸೆನ್ಸ್ ಇಲ್ಲದ ಪಬ್‌ಗಳಲ್ಲಿ ಗಿಟಾರ್ ಹಿಡಿದು ಕೂತು ಹಾಡೋರಿಗೂ ಅದೇ ಆದೇಶದ ಬಿಸಿ ತಟ್ಟಿತು. ಇಂದಿರಾನಗರದಲ್ಲಿ ಹೊಸ ಬ್ಯಾಂಡ್‌ಗಳಿಗೆ ಮನೆಯಂತಿದ್ದ ಹಮ್ಮಿಂಗ್ ಟ್ರೀ 2013ರಲ್ಲಿ ಶುರುವಾಗಿ 2019ರಲ್ಲಿ ಮುಚ್ಚಿತು. ಇನ್ನೊಂದು ಕಡೆಯನ್ನೂ ಹೇಳ್ಬೇಕು. ನಮ್ಮ ದೊಡ್ಡಮ್ಮನ ಮನೆ ಇಂದಿರಾನಗರದಲ್ಲೇ ಇದೆ. ರಾತ್ರಿ ಹನ್ನೊಂದಕ್ಕೆ ಕಿಟಕಿ ಗಾಜು ನಡುಗೋದನ್ನ ನಾನೇ ಕೈಯಿಟ್ಟು ನೋಡಿದೀನಿ. ಬಿ.ಪಿ. ಮಾತ್ರೆ ತಗೊಂಡು ಮಲಗೋ ಎಪ್ಪತ್ತೈದರ ಹೆಂಗಸಿಗೆ "ಇದು ಸಂಗೀತದ ಭವಿಷ್ಯ ದೊಡ್ಡಮ್ಮ" ಅಂತ ಹೇಳೋ ಧೈರ್ಯ ನನಗಿಲ್ಲ. ನನ್ನ ಬೆನ್ನಿಗೆ ಹಿತವಾಗಿದ್ದ ಅದೇ ಬೇಸು ಅವರ ನಿದ್ದೆ ಕೆಡಿಸಿರೋದು.

ಅಪಾರ್ಟ್‌ಮೆಂಟಿನ ರಾಜ್ಯೋತ್ಸವ

ಅಕ್ಟೋಬರ್‌ನಲ್ಲಿ ಮಗಳು ಬಂದು, "ನಮ್ಮ ಬ್ಯಾಂಡಿಗೆ ಸ್ಟೇಜ್ ಸಿಕ್ತು" ಅಂದಳು. ಸ್ಟೇಜ್ ಅಂದರೆ ನಮ್ಮ ಅಪಾರ್ಟ್‌ಮೆಂಟಿನ ರಾಜ್ಯೋತ್ಸವ ಕಾರ್ಯಕ್ರಮ. ಛದ್ಮವೇಷ ಆದ್ಮೇಲೆ, ಬಹುಮಾನ ವಿತರಣೆಗೆ ಮುಂಚೆ, ಎಂಟು ನಿಮಿಷ. ಅಸೋಸಿಯೇಷನ್ ಷರತ್ತು ಎರಡು: ಕನ್ನಡ ಹಾಡೇ ಆಗಿರ್ಬೇಕು, ಎಂಟೂವರೆಗೆ ಮುಗೀಬೇಕು.

ಬ್ಯಾಂಡ್ ಅಂದರೆ ನಾಲ್ಕು ಮಕ್ಕಳು. ಹಾಡೋಳ ಮನೆಮಾತು ತೆಲುಗು, ಗಿಟಾರ್ ಹುಡುಗನದು ಹಿಂದಿ, ಬೇಸ್ ನುಡಿಸುವ ಹತ್ತನೇ ಕ್ಲಾಸ್ ಹುಡುಗನ ಮನೇಲಿ ತಮಿಳು. ಯಾವ ಕನ್ನಡ ಹಾಡು? ಶರೀಫಜ್ಜನ ಒಂದು ತತ್ವಪದ ಆರಿಸಿದರು. ಅರ್ಥ ಕೇಳೋಕೆ ನನ್ನ ಹತ್ತಿರ ಬಂದರು. ನನಗೂ ಪೂರ್ತಿ ಗೊತ್ತಿರಲಿಲ್ಲ, ಹುಬ್ಬಳ್ಳಿ ಕಡೆಯ ನಮ್ಮ ಪಕ್ಕದ ಮನೆಯ ಆಂಟಿ ಕೂರಿಸ್ಕೊಂಡು ಬಿಡಿಸಿ ಹೇಳಿದರು. ಮಕ್ಕಳು ಅದಕ್ಕೆ ಮೇಡನ್ ಕುದುರೆ ಓಟ ಕಟ್ಟಿದರು. ಆಶ್ಚರ್ಯ ಅಂದರೆ ಕೂತ್ಕೊಳ್ತು.

ಕಾರ್ಯಕ್ರಮಕ್ಕೆ ಹತ್ತು ದಿನ ಇದ್ದಾಗ ಬೇಸ್ ಹುಡುಗನ ಅಮ್ಮ ಅವನನ್ನ ಬಿಡಿಸಿದರು. ಟ್ಯೂಷನ್ನಿನ ಟೆಸ್ಟಲ್ಲಿ ಮಾರ್ಕ್ಸ್ ಕಮ್ಮಿ ಬಂದಿತ್ತಂತೆ. ಮಗಳು ಅತ್ತಳು. ಆಮೇಲೆ ನನ್ನ ಮುಂದೆ ಬಂದು ನಿಂತಳು. "ನೀನು ನುಡಿಸ್ತೀಯಾ?"

ಅಟ್ಟದಿಂದ ಬೇಸ್ ಇಳಿಸಿದೆ. ತಂತಿಗೆ ತುಕ್ಕು. ಹೊಸ ತಂತಿ ಹಾಕಿಸಿ, ರಾತ್ರಿ ಹತ್ತರ ಮೇಲೆ ಹೆಡ್‌ಫೋನ್ ಹಾಕ್ಕೊಂಡು ಕೂತೆ. ಮೂರನೇ ದಿನ ಬೆರಳ ತುದಿಯಲ್ಲಿ ಬೊಬ್ಬೆ ಎದ್ದವು. ನಾಚಿಕೆ ಬಿಟ್ಟು ಹೇಳ್ತೀನಿ, ಹದಿನೆಂಟು ವರ್ಷದಲ್ಲಿ ಅಷ್ಟು ಖುಷಿಯಾಗಿ ನ೦ಗೆ ನಿದ್ದೆ ಬಂದಿರಲಿಲ್ಲ. ನನ್ನಾಕೆ ಬೊಬ್ಬೆಗೆ ಮುಲಾಮು ಹಚ್ಚುತ್ತಾ, "ಆ ಹುಡುಗನ ಅಮ್ಮನ ಜೊತೆ ಒಂದ್ಸಲ ಮಾತಾಡ್ರಿ" ಅಂದಳು.

"ನಾನು ನುಡಿಸ್ತಿದೀನಲ್ಲ?"

"ನೀವು ನುಡಿಸಿದ್ರೆ ಅದು ಅಪ್ಪ ಮಗಳ ಪ್ರೋಗ್ರಾಂ ಆಗುತ್ತೆ. ಅವ್ರ ಬ್ಯಾಂಡ್ ಆಗಲ್ಲ."

ಇಷ್ಟು ವರ್ಷ ನಿಕೋ ಯಾರು ಅಂತ ಗೊತ್ತಿಲ್ಲದವಳು ಹೇಳಿದ ಮಾತು ಇದು. ಮಾರನೇ ಸಂಜೆ ಆ ಹುಡುಗನ ಮನೆಗೆ ಹೋದೆ. ಭಾಷಣ ಮಾಡಲಿಲ್ಲ. ಮಾರ್ಕ್ಸ್ ಮುಖ್ಯ ಅಲ್ಲ ಅಂತಲೂ ಹೇಳಲಿಲ್ಲ, ಯಾಕಂದರೆ ಆ ಮಾರ್ಕ್ಸಿನಿಂದಲೇ ನನ್ನ ಫ್ಲಾಟಿನ ಕಂತು ಕಟ್ಟಿರೋದು. 2007ರ ಆಗಸ್ಟ್‌ನಲ್ಲಿ ಎರಡು ದಿನ ರಜೆ ಕೇಳದೆ ಇದ್ದ ಕಥೆ ಮಾತ್ರ ಹೇಳಿದೆ. "ಕೇಳಿದ್ರೆ ಕೊಡ್ತಿದ್ರೋ ಏನೋ ಮೇಡಂ. ಕೇಳಲಿಲ್ಲ ಅನ್ನೋದೇ ಇವತ್ತಿಗೂ ಕೊರೆಯೋದು." ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಡೈಲಿ ಒಂದು ಗಂಟೆ. ಮ್ಯಾಥ್ಸ್ ಮುಗಿಸಿದ್ಮೇಲೆ" ಅಂದರು. ಹುಡುಗನ ಬೇಸ್ ಬಾಡಿಗೆಯದು, ಅದನ್ನ ವಾಪಸ್ ಮಾಡಿಯಾಗಿತ್ತು. ನನ್ನದನ್ನ ಕೊಟ್ಟೆ. "ಕುತ್ತಿಗೆ ಸ್ವಲ್ಪ ಸೊಟ್ಟ ಇದೆ, ಹನ್ನೆರಡನೇ ಫ್ರೆಟ್ ಆದ್ಮೇಲೆ ಹುಷಾರು" ಅಂದೆ.

ಕಾರ್ಯಕ್ರಮದ ದಿನ ನನ್ನ ಡ್ಯೂಟಿ ಎಕ್ಸ್‌ಟೆನ್ಷನ್ ಬೋರ್ಡ್ ಕಾಯೋದು. ಮಕ್ಕಳು ಶುರುಮಾಡಿದರು. ಅಜ್ಜ ಅಜ್ಜಿಯರು ಮುಂದಿನ ಸಾಲಿನಲ್ಲಿ ಕಿವಿ ಮುಚ್ಕೊಂಡು ನಗ್ತಿದ್ದರು. ಹಿಂದೆ ಮನೆಗೆಲಸದವರು, ಸೆಕ್ಯೂರಿಟಿಯವರು, ತೊಟ್ಟಿಲಮಗು ಎತ್ತಿಕೊಂಡ ತಾಯಂದಿರು, ಛದ್ಮವೇಷದ ಇಬ್ಬರು ಕಿತ್ತೂರು ಚೆನ್ನಮ್ಮರು, ಮೂವರು ಸಂಗೊಳ್ಳಿ ರಾಯಣ್ಣರು. ಯಾರನ್ನೂ ಯಾರೂ ವಯಸ್ಸು ಕೇಳಲಿಲ್ಲ.

ಅಸೋಸಿಯೇಷನ್ನಿನವರು ಸ್ಪೀಕರ್ ಕಮ್ಮಿ ಇಟ್ಟಿದ್ದರಿಂದ ಮುಂದೆ ಬೇಸ್ ಕೇಳ್ತಾನೇ ಇರಲಿಲ್ಲ. ನಾನು ಮೆಲ್ಲಗೆ ಸ್ಟೇಜಿನ ಹಿಂದೆ, ಕ್ಲಬ್‌ಹೌಸ್ ಗೋಡೆಯಾಚೆ ಹೋಗಿ ಒರಗಿ ನಿಂತೆ. ಅಲ್ಲಿ ಕೇಳಿಸ್ತು. ಎರಡನೇ ಸುತ್ತಿನಲ್ಲಿ ಹುಡುಗ ಒಂದು ಏಟು ಮುಂಚೆ ಬಂದುಬಿಟ್ಟ. ಮಗಳು ಡ್ರಮ್ಮಿನಲ್ಲಿ ಅವನನ್ನ ಎಳೆದು ಜಾಗಕ್ಕೆ ತಂದಳು. ಆಮೇಲೆ ಇಬ್ಬರೂ ಒಟ್ಟಿಗೆ ಓಡಿದರು.

ಫೋನ್ ಬಂತು. "ಎಲ್ಲಿದೀರ್ರೀ? ವಿಡಿಯೋ ಮಾಡ್ತಿದೀರಾ ತಾನೆ?"

"ಇಲ್ಲೇ ಇದೀನಿ" ಅಂದೆ. "ಇಲ್ಲಿಂದ ಚೆನ್ನಾಗಿ ಕೇಳುತ್ತೆ."

ಫ್ರಿಜ್ ಮೇಲಿನ ಲಿಸ್ಟ್ ಈಗಲೂ ಇದೆ, ಹಾಲಿನ ಲೆಕ್ಕದ ಕೆಳಗೆ ಅರ್ಧ ಮುಚ್ಚಿಹೋಗಿದೆ. ಬೇಸ್ ಇನ್ನೂ ಆ ಹುಡುಗನ ಮನೆಯಲ್ಲೇ ಇದೆ. ನಾನು ಕೇಳಿಲ್ಲ.